ಒಣಬಾಳೆಲೆಯ ಬಾಡಿಗೆದಾರ

ಆಗಸ್ಟ್ 30, ಶನಿವಾರ. ಉಧ್ನಾ, ಸೂರತ್

ಬೆಳಿಗ್ಗೆ ಮಳೆ, ಆಮೇಲೆ ಬೆವರು. ಇವತ್ತಿನ ಸಸ್ತನಿಗಳು: ಅಳಿಲು ಎರಡು, ಹೋಟೆಲಿನ ಬೆಕ್ಕು, ಮೋರಿಯಲ್ಲಿ ಒಂದು ಹೆಗ್ಗಣ. ಮನುಷ್ಯರು ಬೇಕಾದಷ್ಟು. ಅವರಲ್ಲಿ ನನ್ನೊಡನೆ ಮಾತಾಡಿದವರು ಇಬ್ಬರು.

ಹಳೆಯ ಚಟ. ಊರು, ಹವೆ, ಕಂಡ ಪ್ರಾಣಿ — ದಿನಕ್ಕೊಂದು ಸಾಲು. ಕಾಡಿನಲ್ಲಿ ಶುರುವಾದದ್ದು, ಯೂನಿವರ್ಸಿಟಿಯಲ್ಲಿ ಬೆಳೆದದ್ದು, ಈಗ ರಾಮಚಂದ್ರನ ಉಡುಪಿ ಹೋಟೆಲಿನ ಹಿಂದಿನ ಮೇಜಿಗೆ ಬಂದು ಕೂತಿದೆ. ಮಧ್ಯಾಹ್ನ ಹೊತ್ತು ಹೋಗಲಿಲ್ಲ. ಮ್ಯೂಸಿಯಮ್ಮಿನಲ್ಲಿ ಚರ್ಮ ಸುಲಿದು ಹತ್ತಿ ತುಂಬಿದ ಮೇಲೆ ಬಲಗಾಲಿಗೆ ಒಂದು ಚೀಟಿ ಕಟ್ಟುತ್ತೇವಲ್ಲ, ಅಂಥದ್ದೊಂದು ನನಗೇ ಬರೆದುಕೊಂಡೆ:

ಹೆಸರು: ಸಿದ್ದಲಿಂಗಪ್ಪ. ಲಿಂಗ: ಹೆಸರಿನಲ್ಲೇ ಇದೆ. ಉದ್ದ: ಐದಡಿ ಆರಂಗುಲ, ಮೊದಲು ಏಳಿತ್ತು. ಬಾಲ: ಇಲ್ಲ. ಕಿವಿ: ಇದೆ, ಕೇಳುವುದಿಲ್ಲ. ವಯಸ್ಸು: ಹಲ್ಲು ನೋಡಿ ಹೇಳಬೇಕು, ಹಲ್ಲಿಲ್ಲ. ಮೂಲ ನೆಲೆ: ಗದಗ. ಸಿಕ್ಕ ಸ್ಥಳ: ಸೂರತ್. ವೃತ್ತಿ: ನಿವೃತ್ತಿ.

ಕಾಲಿಗೆ ಕಟ್ಟಿಕೊಂಡು ಕೂತೆ. ರಾಮಚಂದ್ರನ ಹೆಂಡತಿ ಶಕುಂತಲಾ ಕಾಫಿ ತಂದವಳು ಬಗ್ಗಿ ಓದಿದಳು.

"ಇದೆಂತ ಸರ್, ಲಗೇಜಾ?"

"ಹೌದವಾ. ಬುಕ್ ಆಗೇದ."

ನಿಜ. ಮಗಳು ಅನುಷಾ ಫೋನ್ ಮಾಡಿದ್ದಳು. ದೀಪಾವಳಿಗೆ ಮುಂಚೆ ನಾನು ಅಹಮದಾಬಾದಿಗೆ, ಅಲ್ಲಿಯ ಬಡಾವಣೆ ಬೋಪಾಲ್‌ನ ಅವಳ ಫ್ಲಾಟಿಗೆ ಹೋಗಬೇಕು. ಪೂರ್ತಿ. ಪ್ಯಾಕರ್ಸ್ ಅಕ್ಟೋಬರ್ ಹದಿಮೂರಕ್ಕೆ. ರಿಟೈರಾದ ಮೇಲೆ ಸೂರತ್ತಿನಲ್ಲಿ ಒಂದು ಸೂರಿತ್ತು. ಈಗ ಅದೂ ಹೋಗುತ್ತದೆ.

ನನ್ನ ಹೆಂಡತಿ ಜಯಂತಿ ಇದ್ದಿದ್ದರೆ ಈ ಮಾತಿಗೆ ನಾಳೆ ನಗುತ್ತಿದ್ದಳು. ನನ್ನ ಯಾವ ಜೋಕಿಗೂ ಅವಳು ಅವತ್ತೇ ನಕ್ಕವಳಲ್ಲ. ಮಾರನೇ ದಿನ, ಪಾತ್ರೆ ತೊಳೆಯುತ್ತಾ, ಒಬ್ಬಳೇ ನಗುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು. ಮಾರನೇ ದಿನಗಳು ಸುಮ್ಮನೆ ಬರುತ್ತವೆ.

ಉಧ್ನಾದ ಸಂಜೆ ಉದ್ದನೆಯದು.

ಸೆಪ್ಟೆಂಬರ್ 4, ಗುರುವಾರ. ಸಂಜೆ

ಬಂದವನೇ ಬರೆಯಲು ಕೂತೆ. ಕಾಫಿ ಮುಟ್ಟಿಲ್ಲ.

ಹೋಟೆಲಿನೊಳಗೆ ನಲ್ಲಿ ಕೆಟ್ಟಿತ್ತು. ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ಎರಡು ಬಾಳೆ ಗುಂಪು — ಒಂದು ನಲ್ಲಿಯ ಹತ್ತಿರ, ಇನ್ನೊಂದು ಪಕ್ಕದ ಬಟ್ಟೆ ಡೈಯಿಂಗ್ ಯುನಿಟ್ಟಿನ ಗೋಡೆಗೆ ಒತ್ತಿಕೊಂಡು. ರಾಮಚಂದ್ರನ ಅಪ್ಪ ನೆಟ್ಟದ್ದು. ಹಸಿರು ಎಲೆ ಊಟಕ್ಕೆ ಹೋಗುತ್ತದೆ, ಒಣಗಿದ್ದು ಸುರುಳಿಯಾಗಿ ಜೋತುಬಿದ್ದಿರುತ್ತದೆ, ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ, ಇಷ್ಟು ವರ್ಷ.

ಒಂದು ಸುರುಳಿಯ ಬಾಯಿಂದ ಕೆಂಡದ ಬಣ್ಣದ ಚೂರೊಂದು ಕಳಚಿ ಗಾಳಿಗೆ ಬಿತ್ತು. ಚಿಟ್ಟೆ ಎಂದುಕೊಂಡೆ. ಚಿಟ್ಟೆ ಹಾಗೆ ತಿರುಗುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಒಂದು ಸುತ್ತು ಹೊಡೆಯಿತು — ಬೆರಳುಗಳು ಕಿತ್ತಳೆ, ಬೆರಳುಗಳ ನಡುವೆ ಕಪ್ಪು. ಮತ್ತೆ ಒಂದು ಸುತ್ತು. ಹೋಯಿತು.

ಬಣ್ಣದ ಬಾವಲಿ. ಹೆಬ್ಬೆರಳಿನಷ್ಟು ಮೈ, ಎರಡು ಕಡಲೆಕಾಯಿಯ ತೂಕ. ಒಣ ಬಾಳೆಲೆಯಲ್ಲಿ ಬಾಳು. ಒಣ ಎಲೆಯ ಬಣ್ಣವನ್ನೇ ಹೊದ್ದುಕೊಂಡಿರುವುದರಿಂದ ಕಣ್ಣೆದುರಿದ್ದರೂ ಕಾಣುವುದಿಲ್ಲ. ವಡೋದರಾದಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಷ್ಟು ಕಾಲ ಮಳೆಗಾಲದ ರಜೆ ಸಿಕ್ಕಾಗಲೆಲ್ಲ ಡಾಂಗ್ ಕಾಡಿನ ಕಡೆ ಬಾಳೆ ತೋಟಗಳಲ್ಲಿ ಎಲೆ ಎಲೆ ಬಿಡಿಸಿ ಹುಡುಕಿದ್ದೇನೆ. ಜಯಂತಿ ಛತ್ರಿ ಹಿಡಿದು ಹಿಂದೆ. "ನೀವು ಇಲಿ ಮಾಸ್ತರ್ರೋ ಎಲಿ ಮಾಸ್ತರ್ರೋ, ಒಂದ್ಸಲ ಹೇಳಿಬಿಡ್ರಿ" ಅನ್ನುವಳು. ಕಡೆಗೂ ಸಿಗಲಿಲ್ಲ. ಈಗ ಇಲ್ಲಿ, ಪವರ್‌ಲೂಮ್ ಸದ್ದಿನ ಮಧ್ಯೆ, ಇಡ್ಲಿ ಪಾತ್ರೆ ತೊಳೆಯುವ ಕಡೆ.

ಇವತ್ತಿನ ಸಸ್ತನಿಗಳು: ಬೆಕ್ಕು, ಹೆಗ್ಗಣ, ನಾನು.

ಅದನ್ನು ಸಾಲಿಗೆ ಸೇರಿಸುವ ಹಾಗಿಲ್ಲ. ನನ್ನದೇ ನಿಯಮ, ಪ್ರತಿ ಬ್ಯಾಚಿಗೂ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ: ಚರ್ಮ ಕೈಯಲ್ಲಿರಬೇಕು, ಇಲ್ಲವೇ ಪ್ರಾಣಿ ಬಲ್ಲ ಇನ್ನೊಂದು ಜೊತೆ ಕಣ್ಣು ಪಕ್ಕದಲ್ಲಿರಬೇಕು. ಎರಡೂ ಇಲ್ಲವೋ, ನೀವು ಕಂಡಿಲ್ಲ.

ಕಂಡಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಮತ್ತೆ ಬಂತು. ಅದೇ ಎಲೆ. ಹಗಲು ನೋಡಿದರೆ ಸುರುಳಿಯ ಆಳದಲ್ಲಿ ಒಂದು ಉಬ್ಬು, ಅಷ್ಟೇ. ಸಂಜೆ ಮೊಬೈಲಿನಲ್ಲಿ ಫೋಟೋ. ಹನ್ನೊಂದು ಮಸುಕು, ಒಂದು ಚೆನ್ನಾಗಿದೆ. ತೀರಾ ಚೆನ್ನಾಗಿದೆ. ಅದೇ ತೊಂದರೆ.

ಮೇದಿನಿಗೆ ಕಳಿಸಿದೆ. ನನ್ನ ಕೊನೆಯ ಪಿಎಚ್‌ಡಿ ವಿದ್ಯಾರ್ಥಿನಿ, ಈಗ ವಡೋದರಾದಲ್ಲಿ ನನ್ನ ಕುರ್ಚಿಯಲ್ಲಿ ಕೂತಿದ್ದಾಳೆ. ಬಾವಲಿ ಹಿಡಿಯುವ ಪರ್ಮಿಟ್ ಇರುವುದು ಅವಳಿಗೆ. ರಿಟೈರಾದವನಿಗೆ ಇರುವುದು ಸೀನಿಯರ್ ಸಿಟಿಜನ್ ಕಾರ್ಡು, ಅದಕ್ಕೆ ಈಗ ರೈಲಿನವರೂ ಬೆಲೆ ಕೊಡುವುದಿಲ್ಲ. ಫೋಟೋದ ಕೆಳಗೆ ಬರೆದೆ: "ಒಣ ಎಲೆಯಲ್ಲಿ ಬಣ್ಣಗಾರನೊಬ್ಬ ಬಾಡಿಗೆಗಿದ್ದಾನೆ. ಅಡ್ವಾನ್ಸ್ ಕೊಟ್ಟಿಲ್ಲ. ಬಾ, ವಲಸೆ ಹೋಗುವ ಮೊದಲು. ಬಾ-ವಲಿ."

ಹತ್ತು ನಿಮಿಷಕ್ಕೆ ಉತ್ತರ. "ನೈಸ್ ಎಐ ಸರ್. ನೇಹಾ ಮಾಡಿದ್ಲಾ?"

ನೇಹಾ ನನ್ನ ಮೊಮ್ಮಗಳು. ಎರಡು ಬಾಲದ ಅಳಿಲು ಮಾಡಿಕೊಟ್ಟವಳು ಅವಳೇ. ಅದನ್ನು ಡಿಪಾರ್ಟ್‌ಮೆಂಟಿನ ಗ್ರೂಪಿಗೆ ಹಾಕಿದ್ದು ನಾನು.

ಅದಕ್ಕಿಂತ ದೊಡ್ಡದು ಆಲೂಗಡ್ಡೆ ವಿಷಯ. ಹೋದ ವರ್ಷ ಏಪ್ರಿಲ್. ಉಧ್ನಾ ರೈಲ್ವೆ ಯಾರ್ಡಿನ ಹಿಂದೆ ಕತ್ತೆಕಿರುಬದ ಹೆಜ್ಜೆ ಬಿದ್ದಿದೆ ಎಂದು ಮೇದಿನಿಗೆ ಫೋನ್ ಮಾಡಿದೆ. ರಜೆ ಹಾಕಿ, ಪ್ಲಾಸ್ಟರ್ ಚೀಲ ಹೊತ್ತು, ಬೆಳಗಿನ ರೈಲಿಗೇ ಬಂದಳು. ಮಂಡಿಯೂರಿ ಅಳೆದಳು. ಅಚ್ಚು ತೆಗೆದಳು. ಅಚ್ಚಿಗೆ ಅಂಟಿದ ಆಲೂಗಡ್ಡೆ ಸಿಪ್ಪೆಯನ್ನು ಉಗುರಿನಿಂದ ತೆಗೆದು ನೋಡಿದಳು. ಆಲೂಗಡ್ಡೆ ಕೆತ್ತಿ ಆ ಹೆಜ್ಜೆ ಒತ್ತಿದ್ದ ನಾನು ಹಿಂದೆ ನಿಂತು ನಗುತ್ತಿದ್ದೆ. ಅವಳು ನಗಲಿಲ್ಲ. ಅಚ್ಚನ್ನು ಟವೆಲಿನಲ್ಲಿ ಸುತ್ತಿಕೊಂಡು ಮುಂದಿನ ರೈಲಿಗೆ ಹೊರಟಳು. ಶಕುಂತಲಾ ಕಟ್ಟಿಕೊಟ್ಟಿದ್ದ ಮಸಾಲೆ ದೋಸೆ ನನ್ನ ಕೈಯಲ್ಲೇ ಉಳಿಯಿತು. ಆಲೂಗಡ್ಡೆ ಪಲ್ಯದ್ದು.

ಮಾರನೇ ದಿನವೂ ನಗಲಿಲ್ಲ ಎಂದು ಕಾಣುತ್ತದೆ.

ಸೆಪ್ಟೆಂಬರ್ 9, ಮಂಗಳವಾರ

ಇದನ್ನು ಬರೆಯುವುದೋ ಬೇಡವೋ.

ಸಂಜೆ ಅದು ಹೊರಡುವ ಮೊದಲೇ ಹೋದೆ. ಎಲೆ ಎದೆಮಟ್ಟಕ್ಕೆ ಜೋತಿದೆ. ಸುರುಳಿಯ ಬಾಯನ್ನು ಎರಡೂ ಅಂಗೈಯಲ್ಲಿ ಮುಚ್ಚಿದೆ, ಲಕೋಟೆ ಮುಚ್ಚುವ ಹಾಗೆ. ಅಷ್ಟೇ ಸಾಕು. ಮನೆಯಲ್ಲಿ ಹಳೆಯ ಟ್ರಂಕಿನಲ್ಲಿ ಹತ್ತಿ ಇದೆ, ಸೂಜಿ ಇದೆ, ಚಿಮುಟ ಇದೆ. ಒಂದು ಗಂಟೆ ಕೆಲಸ. ಆಮೇಲೆ ಯಾರೂ ಎಐ ಅನ್ನುವುದಿಲ್ಲ. ಚರ್ಮ ಜೋಕ್ ಮಾಡುವುದಿಲ್ಲ.

ಎಲೆಯ ಒಳಗಿನಿಂದ ಅಂಗೈಗೆ ಏನೋ ತಗುಲಿತು. ಅದರ ಎದೆ ಬಡಿತ. ಬಡಿತ ಅನ್ನಲೂ ಆಗದು, ಹೊಲಿಗೆ ಯಂತ್ರ ಓಡುತ್ತಲ್ಲ, ಹಾಗೆ. ಎಷ್ಟೋ ಸಾವಿರ ಇಲಿ ಹಿಡಿದ ಕೈ ಇದು. ಪ್ಲೇಗ್ ಬಂದಾಗ ಊರಿಗೆ ಊರೇ ಸೂರತ್ ಬಿಟ್ಟು ಓಡುತ್ತಿದ್ದರೆ, ಇಲಿ ಹಿಡಿಯಲೆಂದು ಖಾಲಿ ರೈಲಿನಲ್ಲಿ ಈ ಊರಿಗೆ ಬಂದವನು ನಾನು. ಆಗ ಬಾಗಿಲು ತೆರೆದಿದ್ದ ಹೋಟೆಲ್ ಇದೊಂದೇ. ರಾಮಚಂದ್ರನ ಅಪ್ಪ ಮೊಸರನ್ನ ಬಡಿಸಿ ಎದುರಿಗೇ ಕೂತಿದ್ದರು, ನಾನು ತಿಂದು ಮುಗಿಸುವವರೆಗೆ. "ಒಬ್ರೇ ಉಣ್ಬಾರ್ದು ಮಾಸ್ಟ್ರೇ, ಇಂಥ ದಿನದಲ್ಲಿ."

ಕೈ ತೆಗೆದೆ. ಅದು ನನ್ನ ಕಿವಿ ಪಕ್ಕದಲ್ಲೇ ಹಾದು ಹೋಯಿತು. ಸದ್ದಿಲ್ಲ. ಸದ್ದಿದ್ದರೂ ನನ್ನ ಕಿವಿಗೆ ಗೊತ್ತಾಗುತ್ತಿರಲಿಲ್ಲ.

ಚರ್ಮ ಬೇಡ. ಹಾಗಾದರೆ ಕಣ್ಣು ಬೇಕು. ಇನ್ನೊಂದು ಜೊತೆ.

ಇವತ್ತಿನ ಸಸ್ತನಿಗಳು: ಬೆಕ್ಕು, ನಾನು.

ಸೆಪ್ಟೆಂಬರ್ 17, ಬುಧವಾರ. ಬೋಪಾಲ್

ಹನ್ನೆರಡನೇ ಮಹಡಿ. ನಾನಿರಬೇಕಾದ ಕೋಣೆ ನೋಡಿ ಹೋಗು ಎಂದು ಅನುಷಾ ಕರೆಸಿದ್ದಾಳೆ. ಬೋಪಾಲ್‌ನಲ್ಲಿ ನನ್ನ ಪಾಲಿಗೆ ಬಂದದ್ದು: ಒಂದು ಮಂಚ, ಒಂದು ಏಸಿ, ಒಂದು ಕಿಟಕಿ. ಕಿಟಕಿಯಿಂದ ಎದುರಿನ ಟವರಿನ ಕಿಟಕಿ. ಸಸ್ತನಿಗಳು: ಲಿಫ್ಟಿನಲ್ಲಿ ಒಂದು ಪಗ್. ನಾನು ನಮಸ್ಕಾರ ಮಾಡಿದೆ. ಅದರ ಯಜಮಾನಿ ಇಯರ್‌ಫೋನ್ ತೆಗೆಯಲಿಲ್ಲ, ಪಗ್ ಮಾತ್ರ ಸರಿಯಾಗಿ ನೋಡಿತು.

ಅನುಷಾ ಒಳ್ಳೆಯ ಹುಡುಗಿ. ಇನ್ಶೂರೆನ್ಸ್ ಆಫೀಸಿನಿಂದ ಎಂಟಕ್ಕೆ ಬಂದು ನನಗಾಗಿ ರೊಟ್ಟಿ ಬಡಿಯುತ್ತಾಳೆ.

"ಅಪ್ಪಾ, ಇಲ್ಲಿ ಡಾಕ್ಟರ್ ಅದಾರ, ಲಿಫ್ಟ್ ಅದ, ನಾನದೀನಿ. ಅಲ್ಲೇನದ ನಿಮಗ?"

"ಒಂದು ಒಣ ಎಲಿ ಅದ."

ನಕ್ಕಳು. ನಗಿಸುವುದಕ್ಕೆ ಹೇಳಿರಲಿಲ್ಲ. ಆದರೆ ನಕ್ಕಮೇಲೆ ಬೇರೆ ಏನು ಹೇಳುವುದು, ನಾನೂ ನಕ್ಕೆ.

ನೇಹಾ ಬಾಗಿಲಲ್ಲಿ ನಿಂತು, "ಅಜ್ಜಾ, ತಮೇ ಆವ್ಶೋ ನೇ? ಪಕ್ಕಾ?" ಅಂದಳು. ಬರ್ತೀನಿ ಅಂದೆ. ಕನ್ನಡದಲ್ಲಿ. ಅರ್ಥವಾಯಿತೋ ಇಲ್ಲವೋ, ಹೆಬ್ಬೆರಳು ಎತ್ತಿ ತೋರಿಸಿದಳು.

ಸೆಪ್ಟೆಂಬರ್ 19, ಶುಕ್ರವಾರ. ವಡೋದರಾ, ರೈಲ್ವೆ ಸ್ಟೇಷನ್

ಹಿಂದಿರುಗುವಾಗ ಇಲ್ಲಿ ಇಳಿದೆ. ವಡೆ ಉದರಕ್ಕಿಳಿದರೆ ವಡೋದರ — ಪ್ರತಿ ಬ್ಯಾಚಿಗೂ ಮೊದಲ ದಿನ ಹೇಳುತ್ತಿದ್ದೆ. ಗುಜರಾತಿ ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ, ಆದರೂ ನಗುತ್ತಿದ್ದರು. ಇಂಟರ್ನಲ್ ಮಾರ್ಕ್ಸ್ ನನ್ನ ಕೈಯಲ್ಲಿತ್ತು.

ಡಿಪಾರ್ಟ್‌ಮೆಂಟಿನಲ್ಲಿ ಮೇದಿನಿ ಮೀಟಿಂಗಿನಲ್ಲಿದ್ದಳು. ಕಾಯುತ್ತಾ ಮ್ಯೂಸಿಯಮ್ ರೂಮಿಗೆ ಹೋದೆ. ಅದೇ ನುಸಿಗುಳಿಗೆ ವಾಸನೆ. ಒಂದು ಡ್ರಾಯರ್ ಎಳೆದೆ. ನನ್ನ ಸೊಂಡಿಲಿಗಳು, ಸಾಲಾಗಿ, ಹೊಟ್ಟೆ ಮೇಲೆ ಮಾಡಿ ಮಲಗಿವೆ. ಹೊಟ್ಟೆಯ ಹೊಲಿಗೆ ನೋಡಿದರೆ ಯಾರು ಹೊಲಿದದ್ದು ಎಂದು ಹೇಳಬಲ್ಲೆ. ವಿದ್ಯಾರ್ಥಿಗಳದು ಗೋಣಿಚೀಲದ ಹೊಲಿಗೆ. ನನ್ನದು ಅದಕ್ಕಿಂತ ಸ್ವಲ್ಪ ವಾಸಿ. ಹೊಲಿಗೆಯೇ ಕಾಣದಿದ್ದರೆ ಜಯಂತಿಯದು. ಪರೀಕ್ಷೆಯ ಸಮಯದಲ್ಲಿ ನನಗೆ ಪುರುಸೊತ್ತಿಲ್ಲದಾಗ ಮನೆಯಲ್ಲಿ ಕೂತು ಹೊಲಿದುಕೊಡುತ್ತಿದ್ದಳು, ರವಿಕೆಗೆ ಹೆಮ್ಮಿಂಗ್ ಮಾಡುವ ಹಾಗೆ. ಒಂದರ ಕೊರಳಿನ ಕೆಳಗೆ ಬೆರಳಾಡಿಸಿ ಹೊಲಿಗೆ ಹುಡುಕಿದೆ. ಕಾಣಲಿಲ್ಲ. ಹಾಗಾಗಿ ಅವಳೇ.

"ಸರ್, ಹೇಳ್ದೇ ಬಂದ್ಬಿಟ್ರಿ."

ಮೇದಿನಿ. ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿದೆ.

"ಹೇಳಿದ್ರ ಇರತಿದ್ದಿಯೇನು?"

"ಇರ್ತಿದ್ದೆ. ಚಾ ಬೇಕಾ?"

ಅವಳ ರೂಮಿನಲ್ಲಿ ಕೂತೆವು. ಅವಳಪ್ಪ ಬ್ಯಾಂಕಿನಲ್ಲಿ ವರ್ಗವಾಗಿ ಇಲ್ಲಿಗೆ ಬಂದವರು. ಇವಳು ಹುಟ್ಟಿದ್ದೇ ಇಲ್ಲಿ. ಕನ್ನಡ ಮಾತಾಡುವಾಗ ಪ್ರತಿ ವಾಕ್ಯವನ್ನೂ ಸ್ಕೂಟರಿನ ಹಾಗೆ ಒದ್ದು ಸ್ಟಾರ್ಟ್ ಮಾಡುತ್ತಾಳೆ. ನನ್ನ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಈಗ ಮಾತಾಡುವುದಿಲ್ಲವಂತೆ.

"ಒಂದು ದಿನ ಬಂದು ಹೋಗು. ಅದು ಅದ. ಖರೇ ಅದ."

"ಸರ್, ಪ್ಲೀಸ್. ನೆಕ್ಸ್ಟ್ ಮಂತ್ ಕಮಿಟಿ ವಿಸಿಟ್ ಇದೆ. ನಾನು ಮತ್ತೆ ಸೂರತ್‌ಗೆ ಬಂದು, ಮತ್ತೆ ನೆಲದ ಮೇಲೆ ಕೂತು, ಮತ್ತೆ ನೀವು ಹಿಂದೆ ನಿಂತು ನಕ್ಕು… ನನ್ ಕೈಲಾಗಲ್ಲ, ಮುಜ್‌ಸೇ ನಹೀ ಹೋಗಾ."

"ಈ ಸಲ ನಗೂದಿಲ್ಲ."

"ಹೋದ್ ಸಲಾನೂ ಇದೇ ಹೇಳಿದ್ರಿ."

ಹೌದು, ಹೇಳಿದ್ದೆ.

"ಹಂಗಾರ ಒಂದು ಕೆಲಸ ಮಾಡು. ಅರ್ಧ ನಂಬು. ಬಾವಲಿ ಪಕ್ಷಿನೂ ಅಲ್ಲ, ಇಲಿನೂ ಅಲ್ಲ, ಅರ್ಧಕ್ಕ ಏನೂ ಮೋಸಿಲ್ಲ."

ಕಪ್ಪನ್ನು ತಟ್ಟೆಯ ಮೇಲೆ ಇಟ್ಟಳು. "ನೋಡಿ. ಇದನ್ನೇ ಹೇಳಿದ್ದು ನಾನು. ಸೀರಿಯಸ್ ಯಾವಾಗ, ಮಜಾಕ್ ಯಾವಾಗ — ನಂಗೆ ಹೇಗೆ ಗೊತ್ತಾಗ್ಬೇಕು ಸರ್?"

ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಅವಳ ಮೇಜಿನ ಮೇಲೆ ಒಂದು ಬಿಳಿಯ ಗಟ್ಟಿ. ನಾಲ್ಕು ಬೆರಳು, ಒಂದು ಅಂಗಾಲು. ಆಲೂಗಡ್ಡೆಯ ಕತ್ತೆಕಿರುಬ.

ಬರುವಾಗ ಕಾರಿಡಾರಿನ ಕೋತಿ ಅಸ್ಥಿಪಂಜರದ ತಲೆಗೆ ನನ್ನ ಟೋಪಿ ಹಾಕಿ ಬಂದೆ. ಬೇಕೆಂದು ಮಾಡಿದ್ದಲ್ಲ. ಕೈ ತಾನೇ ಮಾಡಿತು. ಈಗ ಪ್ಲಾಟ್‌ಫಾರಮ್ಮಿನಲ್ಲಿ ತಲೆ ಸುಡುತ್ತಿದೆ.

ಸೆಪ್ಟೆಂಬರ್ 28, ಭಾನುವಾರ. ಉಧ್ನಾ

ನವರಾತ್ರಿ. ಬೀದಿ ಬೀದಿಯಲ್ಲೂ ಗರ್ಬಾ. ಸ್ಪೀಕರು ನನ್ನ ಕಿವಿಗೂ ಕೇಳುವಷ್ಟು. ಅದು ಹೋಗಿಬಿಟ್ಟಿತೇನೋ ಎಂದುಕೊಂಡಿದ್ದೆ. ಇಲ್ಲ, ಇದೆ. ಉಬ್ಬು ಅಲ್ಲೇ ಇದೆ.

ಬುಧವಾರ ಆಯುಧಪೂಜೆ. ಈ ಹೋಟೆಲಿನಲ್ಲಿ ಅವತ್ತು ಗ್ರೈಂಡರಿಗೆ ಹಾರ, ಗ್ಯಾಸ್ ಒಲೆಗೆ ಕುಂಕುಮ, ಬಾಗಿಲಿನ ಎರಡು ಕಡೆಗೆ ಇಡೀ ಬಾಳೆಗಿಡ. ಸುತ್ತಲಿನ ಗುಜರಾತಿಗಳೂ ನೋಡಲು ಬರುತ್ತಾರೆ. ಗಿಡ ಬರುವುದು ಹಿತ್ತಲಿನಿಂದ.

ಹಾಗಾಗಿ ಹೇಳಲೇಬೇಕಿತ್ತು. ಗಲ್ಲಾದ ಹತ್ತಿರ ಹೋಗಿ ನಿಂತೆ.

"ರಾಮಚಂದ್ರ, ನಲ್ಲಿ ಹತ್ತಿರದ ಬಾಳಿ ಕಡೀಬ್ಯಾಡ್ರಿ. ಅದರಾಗ ಒಬ್ಬ ಬಾಡಿಗಿದಾರ ಇದ್ದಾನ."

"ಯಾರು ಮಾರಾಯ್ರೆ? ಬಾಡಿಗೆ ಕೊಡ್ತಾನಾ?"

"ಇಲ್ಲ, ತಲಿಕೆಳಗ ಮಲಗ್ತಾನ, ಕಿಸೆದಾಗಿಂದ ಎಲ್ಲಾ ಬಿದ್ದು ಹೋಗೇದ."

ಕ್ಯೂನಲ್ಲಿ ನಿಂತವರೂ ನಕ್ಕರು. ಶಕುಂತಲಾ ಒಳಗಿನಿಂದಲೇ, "ಸರ್ ಮಾತು ಕೇಳ್ಬೇಡಿ. ಹೋದ ವರ್ಷ ಪೂಜೆಗೆ ಮುಂಚೆ ಗ್ರೈಂಡರಿನ ಕಿವಿಯಲ್ಲಿ ತಪ್ಪಾಯ್ತು ಅನ್ನಬೇಕು ಅಂದ್ರು. ನಾನು ನಂಬಿ ಅಂದೆ. ಗ್ರೈಂಡರಿಗೆ ಕಿವಿ ಎಲ್ಲಿ ಅಂತ ಹುಡುಕಿ ಹುಡುಕಿ ಹೇಳಿದೆ," ಅಂದಳು. ಮತ್ತೆ ನಗು. ನನಗೆ ಖುಷಿಯೂ ಆಯಿತು, ಅದನ್ನೂ ಬರೆಯಬೇಕು. ಅಷ್ಟು ಜನ ನನ್ನ ಕಡೆ ನೋಡಿ ಎಷ್ಟು ದಿನವಾಗಿತ್ತು.

"ಆಯ್ತು ಸರ್, ನಿಮ್ಮ ಬಾಡಿಗೆದಾರನಿಗೆ ನೋಟಿಸ್ ಕೊಟ್ಟೇ ಕಡೀತೇವೆ," ಅಂದ ರಾಮಚಂದ್ರ.

ನಾಳೆ ಮತ್ತೊಮ್ಮೆ ಹೇಳಬೇಕು. ಸರಿಯಾಗಿ.

ಅಕ್ಟೋಬರ್ 1, ಬುಧವಾರ

ನಿನ್ನೆ, ಮೊನ್ನೆ ಹೇಳಲಿಲ್ಲ. ಜನ ಇದ್ದರು. ಜನ ಇದ್ದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಜನ ಇಲ್ಲದಾಗ ಹೇಳಿಸಿಕೊಳ್ಳುವವರು ಇಲ್ಲ.

ಬೆಳಿಗ್ಗೆ ಕಾಫಿಗೆ ಹೋದರೆ ಬಾಗಿಲಿನ ಎರಡೂ ಕಡೆ ಗಿಡ ನಿಂತಿದೆ. ಹಸಿರು, ಚೊಕ್ಕಟ. ಒಣ ಎಲೆ ಒಂದೂ ಇಲ್ಲ, ಸವರಿ ತೆಗೆದಿದ್ದಾರೆ.

ಹಿತ್ತಲಿಗೆ ಹೋದೆ. ನಲ್ಲಿಯ ಹತ್ತಿರ ಬರೀ ಬುಡಗಳು, ನೀರು ಸುರಿಸುತ್ತಾ. ಒಣ ಎಲೆಯೆಲ್ಲ ಮೂಲೆಯಲ್ಲಿ ರಾಶಿ. ಅದರ ಮೇಲೆ ಬೆಕ್ಕು.

ಬೆಕ್ಕನ್ನು ಓಡಿಸಿದೆ. ಕೂತು ಒಂದೊಂದೇ ಎಲೆ ಬಿಡಿಸಿದೆ. ಮಂಡಿ ಬಗ್ಗುವುದಿಲ್ಲ, ಹಾಗಾಗಿ ನೆಲದ ಮೇಲೇ ಕೂತೆ, ಹಬ್ಬದ ಪಂಚೆಯಲ್ಲಿ. ಎಷ್ಟು ಹೊತ್ತೋ. ಶಕುಂತಲಾ ಅರಿಶಿನದ ಕೈಯಲ್ಲಿ ಬಂದು ನಿಂತಳು.

"ಎಂತ ಹುಡುಕ್ತಿದ್ದೀರಿ ಸರ್?"

ಒಂದು ಜೋಕ್ ಬಾಯಿಗೆ ಬಂತು. ನುಂಗಿದೆ.

ಅವಳು ಮುಖ ನೋಡಿದಳು. "ಇದು… ತಮಾಷೆ ಅಲ್ವಾ?"

"ಅಲ್ಲವ್ವಾ. ಸಣ್ಣ ಬಾವಲಿ. ಕಿತ್ತಳಿ ಬಣ್ಣದ್ದು. ತಿಂಗಳಿಂದ ನೋಡಾಕತ್ತಿದ್ದೆ."

ಅವಳು ಸೆರಗು ಸಿಕ್ಕಿಸಿಕೊಂಡು ಎದುರಿಗೆ ಕೂತಳು. ಒಳಗೆ ಪೂಜೆಗೆ ಕರೆಯುತ್ತಿದ್ದರು. ಇಬ್ಬರೂ ರಾಶಿ ಪೂರ್ತಿ ಬಿಡಿಸಿದೆವು. ಸತ್ತದ್ದು ಇಲ್ಲ. ಜೀವಂತವೂ ಇಲ್ಲ. ಆಮೇಲೆ ರಾಮಚಂದ್ರ ಬಂದ, ಕೈಯಲ್ಲಿ ಮಂಗಳಾರತಿ ತಟ್ಟೆ. "ನಾನೇ ಕಡಿದದ್ದು ಸರ್," ಅಂದ. "ನೀವು ಒಂದು ಮಾತು ಸರಿಯಾಗಿ ಹೇಳಿದ್ರೆ…"

ತಟ್ಟೆ ಮುಂದೆ ಹಿಡಿದ. ಆರತಿ ತೆಗೆದುಕೊಂಡೆ.

ಅಕ್ಟೋಬರ್ 2, ಗುರುವಾರ

ಸಸ್ತನಿಗಳು: —

ಅಕ್ಟೋಬರ್ 8, ಬುಧವಾರ

ನಿನ್ನೆ ಚಾಂದನಿ ಪಡವೋ ಹಬ್ಬ. ಸೂರತ್ತಿಗೆ ಸೂರತ್ತೇ ಬೆಳದಿಂಗಳಲ್ಲಿ ಕೂತು ಘಾರಿ ಎಂಬ ಸಿಹಿ ತಿನ್ನುತ್ತದೆ. ಎದುರುಮನೆಯವರು ಒಂದು ಘಾರಿ ಕೊಟ್ಟು ಹೋದರು. ತುಪ್ಪವೇ ತುಪ್ಪ. ಅರ್ಧ ತಿಂದೆ. ಉಳಿದರ್ಧ ಕೊಡಲು ಯಾರೂ ಇಲ್ಲ. ಅರ್ಧ ನಂಬು ಅಂದಿದ್ದೆನಲ್ಲ ಮೇದಿನಿಗೆ. ಅದು ನೆನಪಾಯಿತು.

ಇವತ್ತು ಬೆಳಿಗ್ಗೆ ಅವಳಿಗೆ ಬರೆದೆ. ಮೂರು ಸಲ ಅಳಿಸಿ ಬರೆದೆ. ಪ್ರತಿ ಸಲವೂ ಎಲ್ಲೋ ಒಂದು ಜೋಕಿನ ಬಾಲ ಅಂಟಿಕೊಳ್ಳುತ್ತಿತ್ತು, ಕಿತ್ತು ಹಾಕಿದೆ. ಉಳಿದದ್ದು:

"ಮೇದಿನಿ, ಬಾಳೆಗಿಡ ಕಡಿದರು. ಅದು ಈಗ ಇಲ್ಲ. ತೋರಿಸಲು ಏನೂ ಉಳಿದಿಲ್ಲ. ಹದಿಮೂರಕ್ಕೆ ಸೂರತ್ ಬಿಡುತ್ತೇನೆ. ಅದು ಇತ್ತು. ಅಷ್ಟೇ."

ಎರಡು ನೀಲಿ ಗೆರೆ ಬಿದ್ದವು, ಓದಿದ್ದಾಳೆ. ಉತ್ತರವಿಲ್ಲ. ಸರಿ.

ಅಕ್ಟೋಬರ್ 11, ಶನಿವಾರ

ಪುಸ್ತಕ ಕಟ್ಟಿ ಆಯಿತು. ಟ್ರಂಕು ಕಟ್ಟಿ ಆಯಿತು. ಹತ್ತಿ, ಸೂಜಿ, ಚಿಮುಟ — ಬೋಪಾಲ್‌ನ ಹನ್ನೆರಡನೇ ಮಹಡಿಗೆ ಯಾಕೆ ಎಂದು ತೆಗೆದಿಟ್ಟೆ. ಮತ್ತೆ ಒಳಗೆ ಹಾಕಿದೆ. ಸೂಜಿ ಜಯಂತಿಯದು.

ಶಕುಂತಲಾ ಕಾಫಿ ಇಟ್ಟು ಹೋಗಲಿಲ್ಲ. ನಿಂತೇ ಇದ್ದಳು.

"ಸರ್, ಆ ಗೋಡೆ ಬದಿಯ ಗಿಡ ಉಂಟಲ್ಲ, ಅದ್ರ ಒಣ ಎಲೆ ಯಾರೂ ಮುಟ್ಟಬಾರ್ದು ಅಂತ ಹೇಳಿದ್ದೇನೆ. ನಿನ್ನೆ ಕತ್ತಲಾಗುವಾಗ ಎಂತದೋ ಹಾರಿದ ಹಾಗಾಯ್ತು. ಚಿಟ್ಟೆಯೋ ಏನೋ."

"ಯಾವ ಬಣ್ಣ?"

"ನಿಜ ಹೇಳ್ಬೇಕಂದ್ರೆ ಗೊತ್ತಾಗ್ಲಿಲ್ಲ ಸರ್. ನಿಮ್ಮನ್ನು ಖುಷಿ ಮಾಡ್ಲಿಕ್ಕೆ ಕಿತ್ತಳೆ ಅಂತ ಹೇಳಬಹುದು. ಹೇಳುದಿಲ್ಲ."

ಒಳ್ಳೆಯ ವಿಜ್ಞಾನಿ ಆಗುತ್ತಿದ್ದಳು ಎಂದೆ. ನಿಮ್ಮ ಹಾಗೆಯಾ, ಬೇಡ, ಅಂದಳು.

ಸಂಜೆ ಹೋಗಿ ಕೂತೆ. ಗೋಡೆಯ ಕಡೆ ಬೆಳಕೇ ಇಲ್ಲ. ಬಲಗಣ್ಣಿನ ಪೊರೆಯಲ್ಲಿ ಎಲ್ಲಾ ಎಲೆಗೂ ಉಬ್ಬು ಕಾಣುತ್ತದೆ. ಹಾರಿತೋ? ಹಾರಲಿಲ್ಲವೋ? ಗೊತ್ತಿಲ್ಲ ಎಂದು ಬರೆಯುತ್ತೇನೆ.

ಇವತ್ತಿನ ಸಸ್ತನಿಗಳು: ಬೆಕ್ಕು, ನಾನು.

ಅಕ್ಟೋಬರ್ 12, ಭಾನುವಾರ. ಮಧ್ಯಾಹ್ನ

ಕೊನೆಯ ಊಟಕ್ಕೆ ಬಂದು ಕೂತಿದ್ದೆ. ರಾಮಚಂದ್ರ ಹೋಳಿಗೆ ಮಾಡಿಸಿದ್ದ. ಅಪ್ಪನ ಹಾಗೆಯೇ ಎದುರಿಗೆ ಕೂತ, ಗಲ್ಲಾ ಬಿಟ್ಟು. ಆಗ ಬಾಗಿಲಲ್ಲಿ, ಬಾಡಿದ ಬಾಳೆಗಿಡಗಳ ನಡುವೆ, ಬೆನ್ನಿಗೆ ಚೀಲ ಹಾಕಿಕೊಂಡು ಮೇದಿನಿ.

ನೋಡಿದವನು ಹೋಳಿಗೆ ಕೈಯಲ್ಲೇ ಹಿಡಿದಿದ್ದೆ.

ಅವಳು ಎದುರು ಬಂದು ನಿಂತಳು. ಹಣೆ ಮುಟ್ಟಿದಳು. ನನ್ನದು.

"ಜ್ವರ ಇಲ್ಲ," ಅಂದಳು, ರಾಮಚಂದ್ರನಿಗೆ.

"ಯಾರಿಗೆ ಜ್ವರ?"

"ಸರ್, ನಿಮ್ಮ ಮೆಸೇಜ್‌ನಲ್ಲಿ ಒಂದೂ ಜೋಕ್ ಇರ್ಲಿಲ್ಲ. ಹದಿನೈದು ವರ್ಷದಲ್ಲಿ ಫಸ್ಟ್ ಟೈಮ್. ನಾನು ಹೆದರಿ ಅನುಷಾಗೆ ಫೋನ್ ಮಾಡಿದೆ. ಅವ್ಳು ಅಪ್ಪ ಠೀಕ್ ಅದಾರ ಅಂದ್ಲು. ನಂಬಿಕೆ ಬರ್ಲಿಲ್ಲ. ಕಮಿಟಿ ನಿನ್ನೆ ಮುಗೀತು, ಬಂದೆ."

"ನೆಟ್ ತಂದೀಯೇನು?"

"ಇಲ್ಲ. ಬಾವಲಿಗೆ ಬಂದಿದ್ದಲ್ಲ ನಾನು."

ಚೀಲ ತೆಗೆದಳು. ಥರ್ಮಾಮೀಟರ್, ಎರಡು ಮೋಸಂಬಿ, ನನ್ನ ಟೋಪಿ.

ಶಕುಂತಲಾ ಅವಳಿಗೂ ಎಲೆ ಹಾಕಿದಳು. ಮೇದಿನಿ ಈ ಸಲ ಊಟ ಮಾಡಿದಳು, ಪೂರ್ತಿ. ಪಲ್ಯ ಬಡಿಸುವಾಗ, "ಇದು ಆಲೂಗಡ್ಡೇನಾ?" ಎಂದು ಕೇಳಿದಳು. ಹೌದು. ತಿಂದಳು. ಕೈ ತೊಳೆದು ಬಂದು, ನನ್ನ ಕಡೆ ನೋಡದೆ ಅಂದಳು —

"ಬಾ ಅಂದಿದ್ರೆ ಸಾಕಿತ್ತು ಸರ್. ಆಲೂಗಡ್ಡೆ ಯಾಕೆ ಕೆತ್ತಿದ್ರಿ."

ಒಂದು ಮೋಸಂಬಿ ಸುಲಿದು ಅರ್ಧ ಅವಳ ಕಡೆ ಹಿಡಿದೆ.

ಅದೇ ದಿನ. ಸಂಜೆ, ಹಿತ್ತಲು

ವಾಪಸ್ ರೈಲು ಎಂಟೂವರೆಗೆ ಎಂದು ಹೇಳಿದ್ದಳು. ಈಗ ನಾಳೆ ಹೋಗುತ್ತೇನೆ ಅನ್ನುತ್ತಿದ್ದಾಳೆ, ಪ್ಯಾಕರ್ಸ್ ಬರುವಾಗ ಒಬ್ಬರೇ ಇರಬೇಡಿ ಎಂದು. ಎರಡು ಪ್ಲಾಸ್ಟಿಕ್ ಸ್ಟೂಲು. ಗೋಡೆಯ ಕಡೆಯ ಗುಂಪು. ರಾಮಚಂದ್ರ ಟ್ಯೂಬ್‌ಲೈಟಿಗೆ ವೈರ್ ಎಳೆದು ಈ ಕಡೆಗೆ ತಿರುಗಿಸಿಕೊಟ್ಟಿದ್ದಾನೆ. ಅವಳಿಗೆ ಮೊದಲೇ ಹೇಳಿದ್ದೇನೆ, ಇರಲಿಕ್ಕಿಲ್ಲ, ನನಗೆ ಖಾತ್ರಿ ಇಲ್ಲ ಎಂದು. ಇಲ್ಲದಿದ್ದರೆ ಇಲ್ಲ, ಅಂದಳು. ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅವಳು ಎಲೆ ನೋಡುತ್ತಿದ್ದಾಳೆ.

"ಎಷ್ಟನೇ ಎಲೆ ಸರ್?"

"ಎಡಗಡೆಯಿಂದ ಮೂರನೇದು. ಅದರಾಗ ಒಂದು ಉಬ್ಬು ಅದ ಅಂತ ಅನಸ್ತದ. ಪೊರಿನೂ ಇರಬಹುದು."

"ಪೊರೆ ಅಲ್ಲ," ಅಂದಳು. ನನ್ನ ಕಿವಿಯ ಹತ್ತಿರ, ಮೆಲ್ಲಗೆ.

ಗಾಳಿ ಇಲ್ಲ. ಲೂಮುಗಳು ಭಾನುವಾರಕ್ಕೆ ನಿಂತಿವೆ. ಮೇದಿನಿ ನನ್ನ ತೋಳು ಹಿಡಿದುಕೊಂಡಳು, ಕಣ್ಣು ಎಲೆಯ ಮೇಲೇ ಇದೆ.

ಇವತ್ತಿನ ಸಸ್ತನಿಗಳು: ಬೆಕ್ಕು, ನಾನು, ಮೇದಿನಿ, ಮತ್ತು